ಪುಟದಲ್ಲಿ ಕಂಡ ತಪ್ಪು ಎಲ್ಲಿ ಕೂತಿದೆ? ಸೆಫ್ ಕೈಪಿಡಿಯ ಕಾಗುಣಿತ ತಿದ್ದುವವರಿಗೆ ದೋಷ ನಿವಾರಣೆ

ಸೆಫ್ ಕೈಪಿಡಿ ಓದುತ್ತಿದ್ದಾಗ ಒಂದು ಕಾಗುಣಿತ ತಪ್ಪು ಕಣ್ಣಿಗೆ ಬಿತ್ತು, ತಿದ್ದಿ ಕಳಿಸೋಣ ಅಂದುಕೊಂಡಿರಿ. ಐದು ನಿಮಿಷದ ಕೆಲಸ ಅನ್ನಿಸುತ್ತದೆ, ಎಷ್ಟೋ ಸಲ ಅದು ನಿಜವಾಗಿಯೂ ಐದೇ ನಿಮಿಷದ್ದು. ಉಳಿದ ಸಲ ಆ ಪದ ಹುಡುಕಿದರೂ ಸಿಗುವುದಿಲ್ಲ. ಸಿಕ್ಕಿ ತಿದ್ದಿದರೆ ಬಿಲ್ಡ್, ಅಂದರೆ ಫೈಲುಗಳಿಂದ ಪುಟ ಕಟ್ಟುವ ಕೆಲಸ, ಕೆಂಪಾಗುತ್ತದೆ. ಬಿಲ್ಡ್ ದಾಟಿ ಮರ್ಜ್ ಆದರೂ, ಅಂದರೆ ತಿದ್ದುಪಡಿ ಮೂಲಕ್ಕೆ ಸೇರಿಕೊಂಡರೂ, ಪುಟ ಮೊದಲಿನಂತೆಯೇ ನಿಂತಿರುತ್ತದೆ. ಈ ಮೂರರಲ್ಲೂ ನಾನು ಬಿದ್ದು ಎದ್ದಿದ್ದೇನೆ. ಯಾವ ಲಕ್ಷಣ ಕಂಡರೆ ಎಲ್ಲಿ ನೋಡಬೇಕು ಅನ್ನುವುದನ್ನು ಇಲ್ಲಿ ಬರೆದಿಟ್ಟಿದ್ದೇನೆ.

ಸೆಫ್ ಪರಿಚಯ ಇಲ್ಲದವರಿಗೆ ಎರಡು ಸಾಲು: ಹತ್ತಾರು, ನೂರಾರು ಸರ್ವರ್‌ಗಳ ಡಿಸ್ಕ್‌ಗಳನ್ನು ಒಟ್ಟುಗೂಡಿಸಿ ಒಂದೇ ಸ್ಟೋರೇಜ್‌ನಂತೆ ನಡೆಸುವ ಓಪನ್ ಸೋರ್ಸ್ ತಂತ್ರಾಂಶ ಇದು. ಸೇಜ್ ವೈಲ್ ಅವರು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಾಂಟಾ ಕ್ರೂಸ್ ಕ್ಯಾಂಪಸ್ಸಿನಲ್ಲಿ ಪಿಎಚ್‌ಡಿ ಮಾಡುವಾಗ ಹುಟ್ಟಿದ್ದು; 2018ರಿಂದ ಲಿನಕ್ಸ್ ಫೌಂಡೇಶನ್ ಅಡಿಯ ಸೆಫ್ ಫೌಂಡೇಶನ್ ಇದರ ಬೆನ್ನಿಗಿದೆ. ಕೈಪಿಡಿ ಬೇರೆಲ್ಲೋ ಇಲ್ಲ, ಕೋಡ್ ಇರುವ ಅದೇ ಗಿಟ್ ರೆಪೊಸಿಟರಿಯ (ಬದಲಾವಣೆಗಳ ಚರಿತ್ರೆ ಸಮೇತ ಫೈಲುಗಳನ್ನಿಡುವ ಸಂಗ್ರಹದ) ‘ಡಾಕ್’ ಫೋಲ್ಡರಿನಲ್ಲಿದೆ. ರೀಸ್ಟ್ರಕ್ಚರ್ಡ್‌ಟೆಕ್ಸ್ಟ್ ಎಂಬ ಬರವಣಿಗೆಯ ರೂಪದಲ್ಲಿರುವ ಆ ಫೈಲುಗಳನ್ನು ಸ್ಫಿಂಕ್ಸ್ ಎಂಬ ಸಲಕರಣೆ ವೆಬ್ ಪುಟಗಳಾಗಿ ಮಾಡುತ್ತದೆ.

ಇನ್ನೊಂದು ಮಾತು. ಇಲ್ಲಿ ಆಜ್ಞೆಗಳನ್ನೂ ಕನ್ನಡ ಲಿಪಿಯಲ್ಲೇ ಬರೆದಿದ್ದೇನೆ. ನಕಲಿಸಿ ಟರ್ಮಿನಲ್ಲಿಗೆ ಅಂಟಿಸಲು ಬರುವುದಿಲ್ಲ. ಅದು ಒಳ್ಳೆಯದೇ ಆಯಿತು ಅಂತ ಮುಂದೆ ನಿಮಗೇ ಅನ್ನಿಸೀತು.

ತಿದ್ದುವ ಮುಂಚೆ: ಇದು ಯಾರು ಓದುವ ಪದ?

ಕೈಪಿಡಿಯಲ್ಲಿರುವ ಪದಗಳಲ್ಲಿ ಕೆಲವನ್ನು ಮನುಷ್ಯರು ಓದುತ್ತಾರೆ, ಕೆಲವನ್ನು ಯಂತ್ರ ಓದುತ್ತದೆ. ಮನುಷ್ಯರು ಓದುವ ಪದ ತಪ್ಪಾಗಿದ್ದರೆ ಕಿರಿಕಿರಿ, ಅಷ್ಟೇ. ಯಂತ್ರ ಓದುವ ಪದವನ್ನು ತಪ್ಪೆಂದು ಭಾವಿಸಿ ತಿದ್ದಿದರೆ ಸರಿಯಿದ್ದ ಆಜ್ಞೆ ಕೆಟ್ಟು ಕೂರುತ್ತದೆ.

ಒಂದು ಪೂಲ್, ಅಂದರೆ ಸೆಫ್ ದತ್ತಾಂಶವನ್ನು ಹೆಸರಿಟ್ಟು ಗುಂಪು ಮಾಡಿಡುವ ಭಾಗ, ಅದನ್ನು ಅಳಿಸುವ ಆಜ್ಞೆಯನ್ನೇ ನೋಡಿ. ‘ಸೆಫ್ ಓಎಸ್‌ಡಿ ಪೂಲ್ ಡಿಲೀಟ್’ ಎಂದು ಬರೆದು, ಪೂಲಿನ ಹೆಸರನ್ನು ಎರಡು ಸಲ ಕೊಟ್ಟು, ಕೊನೆಗೆ ಎರಡು ಹೈಫನ್ ಇಟ್ಟು ‘ಯೆಸ್-ಐ-ರಿಯಲಿ-ರಿಯಲಿ-ಮೀನ್-ಇಟ್’ ಅನ್ನಬೇಕು. ಹೌದು, ನಿಜವಾಗಿ ನಿಜವಾಗಿ ಇದೇ ನನ್ನ ಮನಸ್ಸು, ಅಂತ. ಒಂದೇ ಸಾಲಿನಲ್ಲಿ ಎರಡು ಜೋಡಿ ಪದ! ಪ್ರೂಫ್ ನೋಡಿ ಪಳಗಿದ ಕಣ್ಣಿಗೆ ಇದು ಟೈಪ್ ಮಾಡುವಾಗ ಪದ ಮರುಕಳಿಸಿದಂತೆಯೇ ಕಾಣುತ್ತದೆ. ಸಾಲದ್ದಕ್ಕೆ, ಓಎಸ್‌ಡಿ (ಒಂದು ಡಿಸ್ಕನ್ನು ನೋಡಿಕೊಳ್ಳುವ ಸೆಫ್ ಪ್ರಕ್ರಿಯೆ) ಒಂದನ್ನು ತೆಗೆದುಹಾಕುವ ‘ಪರ್ಜ್’ ಆಜ್ಞೆಯಲ್ಲಿ ‘ರಿಯಲಿ’ ಒಂದೇ ಸಲ ಬರುತ್ತದೆ. ಎರಡನ್ನೂ ಪಕ್ಕದಲ್ಲಿಟ್ಟು ನೋಡಿದವರಿಗೆ ‘ಒಂದರಲ್ಲಿ ತಪ್ಪಿದೆ, ಒಂದೇ ಥರ ಮಾಡೋಣ’ ಅನ್ನಿಸುವುದು ಸಹಜ. ಮಾಡಬೇಡಿ. ಪೂಲ್ ಅಳಿಸುವುದು ಅದರೊಳಗಿನ ಇಡೀ ದತ್ತಾಂಶವನ್ನು ಅಳಿಸುವ ಕೆಲಸ. ಅವಸರದ ಬೆರಳುಗಳಿಗೆ ಅಡ್ಡ ಬರಲೆಂದೇ ಹೆಸರು ಎರಡು ಸಲ, ರಿಯಲಿ ಎರಡು ಸಲ. ಅಷ್ಟೆಲ್ಲ ಬರೆದರೂ ಸೆಫ್‌ನ ಸ್ಥಿತಿ ನೋಡಿಕೊಳ್ಳುವ ‘ಮಾನಿಟರ್’ ಎಂಬ ಪ್ರಕ್ರಿಯೆಯಲ್ಲಿ ಪೂಲ್ ಅಳಿಸಲು ಅನುಮತಿ ಕೊಡುವ ಆಯ್ಕೆ ಆನ್ ಆಗಿರದಿದ್ದರೆ ಆಜ್ಞೆ ನಡೆಯುವುದಿಲ್ಲ. ಮದುವೆ ಮನೆಯಲ್ಲಿ ಹಿರಿಯರು ಮೂರು ಸಲ ಕೇಳಿ ಒಪ್ಪಿಗೆ ತಗೊಂಡ ಹಾಗೆ.

ಆಯ್ಕೆಗಳ ಹೆಸರಲ್ಲೂ ಇಂಥದ್ದೇ ಗೊಂದಲ. ಒಂದು ಪುಟದಲ್ಲಿ ‘ಓಎಸ್‌ಡಿ ಪೂಲ್ ಡಿಫಾಲ್ಟ್ ಸೈಜ್’ ಅಂತ ಜಾಗ ಬಿಟ್ಟು ಬರೆದಿರುತ್ತಾರೆ, ಇನ್ನೊಂದರಲ್ಲಿ ನಡುವೆ ಅಂಡರ್‌ಸ್ಕೋರ್ ಇರುತ್ತದೆ, ಮತ್ತೊಂದರಲ್ಲಿ ಹೈಫನ್. ಕಾನ್ಫಿಗರೇಶನ್ ಫೈಲಿನಲ್ಲಿ ಸೆಫ್ ಮೂರನ್ನೂ ಒಂದೇ ಎಂದು ಓದಿಕೊಳ್ಳುತ್ತದೆ. ಹಾಗಾಗಿ ಇದು ಕಾಗುಣಿತ ತಪ್ಪಲ್ಲ, ಏಕರೂಪತೆಯ ಪ್ರಶ್ನೆ. ಈಗಿನ ಪುಟಗಳಲ್ಲಿ ಅಂಡರ್‌ಸ್ಕೋರ್ ರೂಪವೇ ಹೆಚ್ಚು. ಬದಲಿಸುವುದಾದರೆ ಅದನ್ನೇ ಬೇರೆ ಕಮಿಟ್ (ಗಿಟ್ ಒಟ್ಟಾಗಿ ದಾಖಲಿಸುವ ಬದಲಾವಣೆ) ಆಗಿ ಮಾಡಿ, ‘ಟೈಪೊ ತಿದ್ದಿದೆ’ ಎನ್ನುವ ಕಮಿಟ್ಟಿನೊಳಗೆ ತುರುಕಬೇಡಿ.

ಆಯ್ಕೆಯ ಹೆಸರಿನ ಅಕ್ಷರಗಳ ಬಗ್ಗೆಯೇ ಅನುಮಾನವಿದ್ದರೆ ಕೈಪಿಡಿಯನ್ನಲ್ಲ, ಸೆಫ್‌ನನ್ನೇ ಕೇಳಿ. ಓಡುತ್ತಿರುವ ಕ್ಲಸ್ಟರ್ (ಸೆಫ್ ನಡೆಸುವ ಸರ್ವರ್‌ಗಳ ಗುಂಪು) ಇದ್ದರೆ ‘ಸೆಫ್ ಕಾನ್ಫಿಗ್ ಹೆಲ್ಪ್’ ಎಂದು ಬರೆದು ಮುಂದೆ ಆಯ್ಕೆಯ ಹೆಸರು ಕೊಡಿ. ಇದ್ದರೆ ವಿವರಣೆ, ಡಿಫಾಲ್ಟ್ ಬೆಲೆ (ನಾವೇನೂ ಕೊಡದಿದ್ದಾಗ ಸೆಫ್ ಬಳಸುವ ಮೌಲ್ಯ) ಸಮೇತ ಹೇಳುತ್ತದೆ, ಇಲ್ಲದಿದ್ದರೆ ಗೊತ್ತಿಲ್ಲ ಅನ್ನುತ್ತದೆ. ತಪ್ಪಾದ ಹೆಸರು ಪುಟದಲ್ಲಿ ಉಳಿದರೆ ಆಗುವ ತೊಂದರೆ ಓದುಗರು ಅದನ್ನು ಎಲ್ಲಿ ಬಳಸುತ್ತಾರೆ ಅನ್ನುವುದರ ಮೇಲಿದೆ. ‘ಸೆಫ್ ಕಾನ್ಫಿಗ್ ಸೆಟ್’ ಮೂಲಕ ಕೊಟ್ಟರೆ ಇಂಥ ಆಯ್ಕೆಯೇ ಇಲ್ಲ ಎಂದು ಮುಖಕ್ಕೆ ಹೇಳುತ್ತದೆ. ಕಾನ್ಫಿಗರೇಶನ್ ಫೈಲಿನಲ್ಲಿ ಬರೆದಿಟ್ಟರೆ ಸದ್ದಿಲ್ಲದೆ ಬಿಟ್ಟುಬಿಡುತ್ತದೆ. ಬರೆದವರು ಬೆಲೆ ಬದಲಾಗಿದೆ ಎಂದು ನಂಬಿಕೊಂಡಿರುತ್ತಾರೆ. ಹಾಗಾಗಿ ಆಯ್ಕೆಯ ಹೆಸರಿನಲ್ಲಿ ಒಂದು ಅಕ್ಷರ ತಪ್ಪಿದ್ದು ಕಂಡರೆ ಹತ್ತು ವ್ಯಾಕರಣ ತಪ್ಪುಗಳಿಗಿಂತ ಮೊದಲು ಅದನ್ನು ತಿದ್ದಿ.

ಲಕ್ಷಣ: ಪುಟದಲ್ಲಿ ತಪ್ಪು ಕಾಣುತ್ತಿದೆ, ‘ಡಾಕ್’ ಫೋಲ್ಡರಿನಲ್ಲಿ ಹುಡುಕಿದರೆ ಇಲ್ಲ

ಮೊದಲು ಸುಲಭದ ಕಾರಣ. ನೀವು ಹುಡುಕಿದ್ದು ಎರಡು ಮೂರು ಪದಗಳ ತುಣುಕಾಗಿದ್ದರೆ ಅದು ಮೂಲದಲ್ಲಿ ಎರಡು ಸಾಲಿಗೆ ಹರಿದಿರಬಹುದು. ಪದ ಹುಡುಕುವ ಗ್ರೆಪ್ ಆಜ್ಞೆ ಒಂದೊಂದೇ ಸಾಲು ನೋಡುವ ಪ್ರಾಣಿ. ಸಾಲಿನ ಕೊನೆಯಲ್ಲಿ ಒಂದು ಪದ, ಮುಂದಿನ ಸಾಲಿನ ಮೊದಲಲ್ಲಿ ಇನ್ನೊಂದು ಇದ್ದರೆ ಅದಕ್ಕೆ ಕಾಣುವುದಿಲ್ಲ. ತಪ್ಪಾದ ಆ ಒಂದೇ ಪದವನ್ನು ಕೊಟ್ಟು ‘ಗಿಟ್ ಗ್ರೆಪ್’ ಮಾಡಿ. ದೊಡ್ಡಕ್ಷರ ಸಣ್ಣಕ್ಷರ ಲೆಕ್ಕಿಸದಂತೆ ‘ಐ’ ಆಯ್ಕೆ, ಸಾಲಿನ ಸಂಖ್ಯೆಗೆ ‘ಎನ್’ ಆಯ್ಕೆ ಸೇರಿಸಿ.

ಆಗಲೂ ಸಿಗದಿದ್ದರೆ ‘ಡಾಕ್’ ಫೋಲ್ಡರಿನಿಂದ ಹೊರಗೆ ಬನ್ನಿ, ಇಡೀ ರೆಪೊಸಿಟರಿಯಲ್ಲಿ ಹುಡುಕಿ. ಹೊಸಬರು ಹೆಚ್ಚಾಗಿ ಸಿಕ್ಕಿಬೀಳುವುದು ಇಲ್ಲೇ. ಕಾನ್ಫಿಗರೇಶನ್ ಆಯ್ಕೆಗಳನ್ನು ವಿವರಿಸುವ ಪುಟ ತೆರೆದು ‘ಎಡಿಟ್ ಆನ್ ಗಿಟ್‌ಹಬ್’ ಒತ್ತಿ ಮೂಲ ಫೈಲಿಗೆ ಹೋಗಿ ನೋಡಿ. ವೆಬ್ ಪುಟದಲ್ಲಿ ನಾಲ್ಕು ಸಾಲಿನ ವಿವರಣೆ, ಡಿಫಾಲ್ಟ್ ಬೆಲೆ, ಕನಿಷ್ಠ ಗರಿಷ್ಠ ಎಲ್ಲ ಇರುವ ಜಾಗದಲ್ಲಿ ಮೂಲದಲ್ಲಿ ಒಂದೇ ಸಾಲು: ಎರಡು ಚುಕ್ಕಿ, ‘ಕಾನ್ಫ್‌ವಾಲ್’ ಎಂಬ ಪದ, ಜೋಡಿ ಕೋಲನ್, ಆಯ್ಕೆಯ ಹೆಸರು. ವಿವರಣೆ ಎಲ್ಲಿ ಹೋಯಿತು?

ಅದು ಇರುವುದು ಕೋಡಿನ ಕಡೆ. ‘ಸೋರ್ಸ್’ (ಹೆಸರು ‘ಎಸ್‌ಆರ್‌ಸಿ’ ಎಂದಷ್ಟೇ ಇರುತ್ತದೆ) ಫೋಲ್ಡರಿನ ‘ಕಾಮನ್’ ಒಳಗೆ ‘ಆಪ್ಷನ್ಸ್’ ಎಂಬ ಜಾಗದಲ್ಲಿ ಯಾಮಲ್ ಫೈಲುಗಳಿವೆ: ಗ್ಲೋಬಲ್, ಓಎಸ್‌ಡಿ, ಮಾನ್ (ಮಾನಿಟರ್), ಎಂಡಿಎಸ್, ಆರ್‌ಜಿಡಬ್ಲ್ಯೂ ಹೀಗೆ ಸೆಫ್‌ನ ಅಂಗಗಳ ಹೆಸರಿನಲ್ಲಿ. ಪ್ರತಿ ಆಯ್ಕೆಗೂ ಅಲ್ಲಿ ಹೆಸರು, ಬಗೆ, ಡಿಫಾಲ್ಟ್, ವಿವರಣೆ ಎಲ್ಲ ಬರೆದಿರುತ್ತದೆ. ಸ್ಫಿಂಕ್ಸ್ ಪುಟ ಕಟ್ಟುವಾಗ ಅಲ್ಲಿಂದ ಎತ್ತಿಕೊಂಡು ಬಂದು ಹಾಕುತ್ತದೆ. ಹಾಗಾಗಿ ವೆಬ್ ಪುಟದಲ್ಲಿ ಕಂಡ ತಪ್ಪನ್ನು ಯಾಮಲ್ ಫೈಲಿನಲ್ಲಿ ತಿದ್ದಬೇಕು.

ಇಲ್ಲೊಂದು ಒಳಸುಳಿ ಇದೆ. ಒಂದೇ ಆಯ್ಕೆಗೆ ‘ಡೆಸ್ಕ್’ ಎಂಬ ಚುಟುಕು ವಿವರಣೆ, ‘ಲಾಂಗ್ ಡೆಸ್ಕ್’ ಎಂಬ ಉದ್ದದ್ದು, ಜತೆಗೆ ‘ಫಾರ್ಮ್ಯಾಟ್ ಡೆಸ್ಕ್’ ಅಂತ ಕೈಪಿಡಿಗೆಂದೇ ಬರೆದ ಇನ್ನೊಂದು ಇರಬಹುದು. ವೆಬ್ ಪುಟದಲ್ಲಿ ಕಾಣುವುದು ಈ ಕೊನೆಯದು, ಅದು ಇದ್ದರೆ. ಕ್ಲಸ್ಟರಿನಲ್ಲಿ ‘ಕಾನ್ಫಿಗ್ ಹೆಲ್ಪ್’ ಕೇಳಿದಾಗ ಬರುವುದು ಮೊದಲೆರಡು. ಬರೆದವರು ಒಂದರಿಂದ ಇನ್ನೊಂದಕ್ಕೆ ನಕಲಿಸಿದ್ದರೆ ತಪ್ಪೂ ಜತೆಯಲ್ಲೇ ಹೋಗಿರುತ್ತದೆ. ಒಂದನ್ನು ತಿದ್ದಿ ಬಂದರೆ ವೆಬ್ ಸರಿ, ಟರ್ಮಿನಲ್ ತಪ್ಪು. ಮೂರನ್ನೂ ಒಟ್ಟಿಗೆ ಓದಿ.

ಆಯ್ಕೆಗಳಲ್ಲದೆ ಆಜ್ಞೆಗಳ ವಿವರಣೆಯಲ್ಲಿ ತಪ್ಪಿದ್ದರೆ ‘ಸೋರ್ಸ್’ ಒಳಗಿನ ‘ಮಾನ್’ ಫೋಲ್ಡರಿನ ‘ಮಾನ್‌ಕಮ್ಯಾಂಡ್ಸ್’ ಹೆಡರ್ ಫೈಲ್ ನೋಡಿ. ಮ್ಯಾನೇಜರ್ ಮಾಡ್ಯೂಲ್‌ಗಳದ್ದಾದರೆ ಪೈಥಾನ್ ಫೈಲುಗಳ ಒಳಗೆ. ಹೀಗೆ ‘ಸೋರ್ಸ್’ ಮುಟ್ಟಿದ ತಕ್ಷಣ ನಿಮ್ಮ ತಿದ್ದುಪಡಿ ಬರೀ ಕೈಪಿಡಿಯದ್ದಾಗಿ ಉಳಿಯುವುದಿಲ್ಲ; ಕಂಪೈಲ್ ಆಗಬೇಕು, ಪರೀಕ್ಷೆಗಳು ಓಡಬೇಕು, ನೋಡುವವರೂ ಬೇರೆ. ಸಮಯ ಹಿಡಿಯುತ್ತದೆ ಅಂತ ಗೊಣಗಬೇಡಿ.

ಲಕ್ಷಣ: ಮರ್ಜ್ ಆಯಿತು, ಪುಟ ಮಾತ್ರ ಹಳೆಯದೇ

ಮೊದಲು ವಿಳಾಸ ಪಟ್ಟಿಯನ್ನು ನೋಡಿ. ಅದರಲ್ಲಿ ‘ಲೇಟೆಸ್ಟ್’ ಇದೆಯೋ, ‘ರೀಫ್’, ‘ಸ್ಕ್ವಿಡ್’ ಎಂಬಂಥ ಹೆಸರಿದೆಯೋ? ಸೆಫ್ ಬಿಡುಗಡೆಗಳಿಗೆ 2012ರ ಆರ್ಗೊನಾಟ್‌ನಿಂದ ಹಿಡಿದು ಇಂಗ್ಲಿಷ್ ಅಕ್ಷರಮಾಲೆಯ ಕ್ರಮದಲ್ಲೇ ಹೆಸರಿಡುತ್ತಾ ಬಂದಿದ್ದಾರೆ, ಎಲ್ಲ ಕಡಲಿಗೆ ಸಂಬಂಧಿಸಿದ್ದು. ಸೆಫ್ ಎಂಬ ಹೆಸರೇ ಆಕ್ಟೋಪಸ್ ಜಾತಿಯ ಸೆಫಲೋಪಾಡ್ ಎಂಬ ಪದದಿಂದ ಬಂದದ್ದಲ್ಲವೆ. ಕ್ವಿನ್ಸಿ 2022ರದ್ದು, ರೀಫ್ 2023ರದ್ದು, ಸ್ಕ್ವಿಡ್ 2024ರದ್ದು. ಪ್ರತಿಯೊಂದಕ್ಕೂ ಗಿಟ್‌ನಲ್ಲಿ ಅದರದೇ ಬ್ರಾಂಚ್, ಅದರದೇ ಕೈಪಿಡಿ. ‘ಲೇಟೆಸ್ಟ್’ ಅನ್ನುವುದು ‘ಮೇನ್’ ಬ್ರಾಂಚಿನಿಂದ ಬರುತ್ತದೆ, ಅಂದರೆ ಇನ್ನೂ ಬಿಡುಗಡೆಯಾಗದ ರೂಪ. ಅದರ ಪುಟಗಳ ತಲೆಯ ಮೇಲೆ ಇದು ಅಭಿವೃದ್ಧಿಯಲ್ಲಿರುವ ಆವೃತ್ತಿಯ ದಾಖಲೆ ಎಂದು ಎಚ್ಚರಿಕೆಯೂ ಇರುತ್ತದೆ.

ನೀವು ತಿದ್ದಿದ್ದು ‘ಮೇನ್’ನಲ್ಲಿ, ನೋಡುತ್ತಿರುವುದು ‘ಸ್ಕ್ವಿಡ್’ನಲ್ಲಿ. ಮುಕ್ಕಾಲು ಪಾಲು ಇದೇ ಕಾರಣ. ಸರ್ಚ್ ಎಂಜಿನ್ ನಿಮ್ಮನ್ನು ಯಾವ ಆವೃತ್ತಿಯ ಪುಟಕ್ಕೆ ತಂದು ಬಿಟ್ಟಿತು ಅನ್ನುವುದನ್ನು ಓದುವ ಭರದಲ್ಲಿ ಯಾರೂ ಗಮನಿಸುವುದಿಲ್ಲ.

ಪರಿಹಾರ ಬ್ಯಾಕ್‌ಪೋರ್ಟ್, ಅಂದರೆ ಅದೇ ತಿದ್ದುಪಡಿಯನ್ನು ಹಳೆಯ ಬ್ರಾಂಚಿಗೂ ಒಯ್ಯುವುದು. ಹಳೆಯ ಬ್ರಾಂಚಿನಲ್ಲೂ ತಪ್ಪು ಇದೆಯೇ ಎಂದು ಮೊದಲು ಖಚಿತ ಮಾಡಿಕೊಳ್ಳಿ: ‘ಗಿಟ್ ಗ್ರೆಪ್’ಗೆ ಪದದ ಮುಂದೆ ಬ್ರಾಂಚಿನ ಹೆಸರನ್ನೂ ಕೊಟ್ಟರೆ ಚೆಕ್‌ಔಟ್ ಮಾಡದೆಯೇ ಅಲ್ಲಿ ಹುಡುಕುತ್ತದೆ. ಇದ್ದರೆ ‘ಗಿಟ್ ಚೆರ್ರಿ-ಪಿಕ್’ಗೆ ‘ಎಕ್ಸ್’ ಆಯ್ಕೆ ಸೇರಿಸಿ ಮೂಲ ಕಮಿಟ್ಟನ್ನು ಎತ್ತಿಕೊಳ್ಳಿ. ಯಾವ ಕಮಿಟ್ಟಿನಿಂದ ಬಂತು ಎಂಬ ಸಾಲು ತಾನೇ ಸೇರಿಕೊಳ್ಳುತ್ತದೆ. ಮೊದಲು ‘ಮೇನ್’, ಆಮೇಲೆ ಹಳೆಯವು. ಈ ಕ್ರಮ ತಪ್ಪಿಸಬೇಡಿ.

ಬ್ಯಾಕ್‌ಪೋರ್ಟ್ ಮಾಡುವಾಗ ಗಂಟು ಬಿದ್ದರೆ ಅದರ ಬೇರು ಬಹಳ ಸಲ ನಿಮ್ಮ ಮೊದಲ ಕಮಿಟ್ಟಿನಲ್ಲೇ ಇರುತ್ತದೆ. ಒಂದು ಅಕ್ಷರ ತಿದ್ದಲು ಹೋಗಿ ಪ್ಯಾರಾ ಪೂರ್ತಿ ಸಾಲು ಮುರಿದು ಮರುಜೋಡಿಸಿರುತ್ತೀರಿ, ಅಥವಾ ಎಡಿಟರ್ ತಾನೇ ಹಾಗೆ ಮಾಡಿರುತ್ತದೆ. ಆಗ ಒಂದು ಸಾಲಿನ ಬದಲಾವಣೆ ಹನ್ನೆರಡು ಸಾಲಿನದಾಗುತ್ತದೆ, ಹಳೆಯ ಬ್ರಾಂಚಿನಲ್ಲಿ ಆ ಹನ್ನೆರಡರಲ್ಲಿ ಒಂದು ಬೇರೆಯಿದ್ದರೂ ಜಗಳ. ಕಳಿಸುವ ಮುಂಚೆ ‘ಗಿಟ್ ಡಿಫ್’ಗೆ ‘ವರ್ಡ್-ಡಿಫ್’ ಆಯ್ಕೆ ಕೊಟ್ಟು ನೋಡಿದರೆ ಯಾವ ಪದ ಮಾತ್ರ ಬದಲಾಗಿದೆ ಅನ್ನುವುದು ಬಣ್ಣದಲ್ಲಿ ಕಾಣುತ್ತದೆ. ಸಾಲು ಉದ್ದವಾಯಿತು, ಅಂದ ಕೆಟ್ಟಿತು ಅಂತ ಕೈ ತುರಿಸಿದರೂ ಸುಮ್ಮನಿರಿ.

ಲಕ್ಷಣ: ಒಂದೇ ಅಕ್ಷರ ಸೇರಿಸಿದೆ, ಬಿಲ್ಡ್ ಕೆಂಪು

ಪುಟದ ಶೀರ್ಷಿಕೆಯಲ್ಲಿ ‘ಕಾನ್ಫಿಗರೇಶನ್’ ಎಂಬ ಇಂಗ್ಲಿಷ್ ಪದ ಇದೆ ಅಂದುಕೊಳ್ಳಿ. ‘ಟಿ’ ಆದ ಮೇಲೆ ಬರಬೇಕಾದ ‘ಐ’ ಬಿಟ್ಟುಹೋಗಿ 12 ಅಕ್ಷರ ಆಗಿದೆ. ರೀಸ್ಟ್ರಕ್ಚರ್ಡ್‌ಟೆಕ್ಸ್ಟ್‌ನಲ್ಲಿ ಶೀರ್ಷಿಕೆಯನ್ನು ಗುರುತಿಸುವುದು ಅದರ ಕೆಳಗಿನ ಗೆರೆಯಿಂದ. ಅಲ್ಲಿ ಲೇಖಕರು ಸಮಚಿಹ್ನೆಯನ್ನು ಸರಿಯಾಗಿ 12 ಸಲ ಒತ್ತಿದ್ದಾರೆ. ನೀವು ‘ಐ’ ಸೇರಿಸಿದಿರಿ, ಪದ 13 ಆಯಿತು, ಗೆರೆ 12ಕ್ಕೇ ನಿಂತಿತು. ‘ಟೈಟಲ್ ಅಂಡರ್‌ಲೈನ್ ಟೂ ಶಾರ್ಟ್’ ಎಂದು ಸ್ಫಿಂಕ್ಸ್ ಎಚ್ಚರಿಸುತ್ತದೆ, ಎಚ್ಚರಿಕೆಯನ್ನೂ ತಪ್ಪೆಂದೇ ಎಣಿಸುವಂತೆ ಹೇಳಿಟ್ಟ ಬಿಲ್ಡ್ ಅಲ್ಲೇ ಬೀಳುತ್ತದೆ. ಗೆರೆ ಶೀರ್ಷಿಕೆಗಿಂತ ಉದ್ದ ಇದ್ದರೆ ತಕರಾರಿಲ್ಲ, ಗಿಡ್ಡ ಆದರೆ ಮಾತ್ರ. ಇನ್ನೊಂದು ಸಮಚಿಹ್ನೆ ಹಾಕಿ, ಮುಗಿಯಿತು.

ಗೀಟು ಎಳೆದು ಮಾಡಿದ ಕೋಷ್ಟಕಗಳಲ್ಲೂ ಹೀಗೆಯೇ. ಒಂದು ಅಕ್ಷರ ಹೆಚ್ಚಾದರೆ ಬಲಗಡೆಯ ನಿಲುಗೆರೆ ಒಂದು ಮನೆ ಆಚೆ ಸರಿದು ಇಡೀ ಕೋಷ್ಟಕವೇ ‘ಮಾಲ್‌ಫಾರ್ಮ್ಡ್’ ಅನ್ನಿಸಿಕೊಳ್ಳುತ್ತದೆ. ಪದದ ಬಲಕ್ಕಿರುವ ಖಾಲಿ ಜಾಗಗಳಲ್ಲಿ ಒಂದನ್ನು ತೆಗೆಯಿರಿ.

ಶೀರ್ಷಿಕೆ ತಿದ್ದಿದಾಗ ಕಣ್ಣಿಗೆ ಕಾಣದ ಇನ್ನೊಂದು ಪರಿಣಾಮವಿದೆ. ಪುಟದೊಳಗಿನ ಆ ಭಾಗಕ್ಕೆ ನೇರ ಹೋಗುವ ವಿಳಾಸದ ಬಾಲ ಶೀರ್ಷಿಕೆಯಿಂದಲೇ ಹುಟ್ಟುತ್ತದೆ. ಕಾಗುಣಿತ ಬದಲಾದರೆ ಬಾಲವೂ ಬದಲು, ಯಾರೋ ಎಲ್ಲೋ ಉಳಿಸಿಕೊಂಡ ಹಳೆಯ ಕೊಂಡಿ ಪುಟದ ತಲೆಗೆ ಬಂದು ನಿಲ್ಲುತ್ತದೆ. ಶೀರ್ಷಿಕೆಯ ಮೇಲೆ ಕೈಯಾರೆ ಬರೆದ ಲೇಬಲ್ ಇದ್ದರೆ ಭಯವಿಲ್ಲ. ಆದರೆ ಆ ಲೇಬಲ್ಲಿನಲ್ಲೇ ತಪ್ಪಕ್ಷರ ಇದ್ದರೆ? ಅದನ್ನು ಓದುಗರು ನೋಡುವುದಿಲ್ಲ, ಬೇರೆ ಪುಟಗಳ ‘ರೆಫ್’ ಕೊಂಡಿಗಳು ನೋಡುತ್ತವೆ. ಬಿಟ್ಟುಬಿಡಿ ಅನ್ನುತ್ತೇನೆ ನಾನು. ಸಹಿಸಲಾಗದಿದ್ದರೆ ಸರಿಯಾದ ಲೇಬಲ್ಲನ್ನು ಹಳೆಯದರ ಪಕ್ಕದಲ್ಲೇ ಸೇರಿಸಿ, ಎರಡೂ ಇರಲಿ. ಹಳೆಯದನ್ನು ಕಿತ್ತರೆ ‘ಅನ್‌ಡಿಫೈನ್ಡ್ ಲೇಬಲ್’ ಎಂದು ಎಲ್ಲೆಲ್ಲಿಂದಲೋ ಕೂಗು ಬರುತ್ತದೆ.

ಇವೆಲ್ಲ ಕಳಿಸುವ ಮುಂಚೆ ಮನೆಯಲ್ಲೇ ಗೊತ್ತಾಗುತ್ತದೆ. ರೆಪೊಸಿಟರಿಯ ‘ಅಡ್ಮಿನ್’ ಫೋಲ್ಡರಿನಲ್ಲಿ ‘ಬಿಲ್ಡ್-ಡಾಕ್’ ಎಂಬ ಸ್ಕ್ರಿಪ್ಟ್ ಇದೆ, ಓಡಿಸಿ. ಕಟ್ಟಿದ್ದನ್ನು ‘ಸರ್ವ್-ಡಾಕ್’ ಓಡಿಸಿ 8080 ಪೋರ್ಟಿನಲ್ಲಿ ನೋಡಬಹುದು. ಗ್ರಾಫ್‌ವಿಜ್, ಡಾಕ್ಸಿಜನ್, ಡಿಟಾ ಇತ್ಯಾದಿ ಮೊದಲೇ ಹಾಕಿಕೊಳ್ಳಬೇಕು. ಮೊದಲ ಸಲ ಚಹಾ ಕುಡಿದು ಬರುವಷ್ಟು ಹೊತ್ತು ಬೇಕಾದೀತು.

ಬಿಲ್ಡ್ ಹಸಿರಾಗಿ ‘ಸೈನ್ಡ್-ಆಫ್-ಬೈ’ ಪರೀಕ್ಷೆ ಮಾತ್ರ ಕೆಂಪಿದ್ದರೆ ಕಮಿಟ್ ಸಂದೇಶದ ಕೊನೆಗೆ ನಿಮ್ಮ ಹೆಸರು ಮತ್ತು ಇಮೇಲ್ ಇರುವ ಆ ಸಾಲು ಇಲ್ಲ ಅಂತ. ‘ಗಿಟ್ ಕಮಿಟ್ ಅಮೆಂಡ್’ ಜತೆ ‘ಎಸ್’ ಆಯ್ಕೆ ಕೊಟ್ಟು ಮತ್ತೆ ಪುಶ್ ಮಾಡಿ.

ಲಕ್ಷಣ: ಅಕ್ಷರ ಎಲ್ಲ ಸರಿಯಿದೆ, ಆಜ್ಞೆ ಮಾತ್ರ ನಡೆಯುವುದಿಲ್ಲ

ನನಗೆ ಹೆಚ್ಚು ಪಾಠ ಕಲಿಸಿದ್ದು ಇದು. ಹಿಂದೆ ಕೆಲಸ ಮಾಡುತ್ತಿದ್ದ ಕಡೆ ನಮ್ಮದೇ ಒಂದು ಒಳಗಿನ ಕೈಪಿಡಿ ಇತ್ತು, ಕೆಟ್ಟ ಡಿಸ್ಕ್ ಬದಲಿಸುವುದು ಹೇಗೆ, ಇತ್ಯಾದಿ. ಬರೆದವನು ನಾನೇ, ಅದೂ ಸ್ಫಿಂಕ್ಸ್‌ನಲ್ಲಿ. ಒಂದು ರಾತ್ರಿ ಎರಡು ಗಂಟೆಗೆ ಡ್ಯೂಟಿಯಲ್ಲಿದ್ದ ಹುಡುಗಿಯ ಫೋನ್.

‘ಸರ್, ಓಎಸ್‌ಡಿ ಡಿಸ್ಟ್ರಾಯ್ ಕಮ್ಯಾಂಡ್ ತಗೊಳ್ತಾನೇ ಇಲ್ಲ. ಇನ್‌ವ್ಯಾಲಿಡ್ ಕಮ್ಯಾಂಡ್ ಅಂತಿದೆ.’

‘ಸ್ಪೆಲ್ಲಿಂಗ್ ನೋಡಮ್ಮ.’

‘ನೋಡ್ದೆ ಸರ್, ನಿಮ್ ಡಾಕ್ಯುಮೆಂಟಿಂದಾನೇ ಕಾಪಿ ಮಾಡಿದ್ದು.’

ಕೈಯಲ್ಲಿ ಟೈಪ್ ಮಾಡಿ ನೋಡು ಅಂದೆ. ತಕ್ಷಣ ನಡೆಯಿತು. ಬೆಳಿಗ್ಗೆ ಹೋಗಿ ಅದೇ ಸಾಲನ್ನು ನಕಲಿಸಿ, ಬೈಟ್‌ಗಳನ್ನು ಬಿಡಿಬಿಡಿಯಾಗಿ ತೋರಿಸುವ ಹೆಕ್ಸ್‌ಡಂಪ್‌ಗೆ ಕೊಟ್ಟೆ. ಎರಡು ಹೈಫನ್ ಇರಬೇಕಾದ ಜಾಗದಲ್ಲಿ 2ಡಿ 2ಡಿ ಬರಬೇಕಿತ್ತು. ಬಂದದ್ದು ಇ2 80 93. ಅದು ಎನ್-ಡ್ಯಾಶ್ ಎಂಬ ಬೇರೆಯೇ ಅಕ್ಷರ, ಒಂದೇ ಅಕ್ಷರ, ಯೂನಿಕೋಡಿನ ಯುಟಿಎಫ್-8 ರೂಪದಲ್ಲಿ ಮೂರು ಬೈಟ್. ಪರದೆಯ ಮೇಲೆ ನೋಡಿದರೆ ಸ್ವಲ್ಪ ಉದ್ದದ ಗೆರೆ, ಅಷ್ಟೇ.

ಅದನ್ನು ಹಾಕಿದ್ದು ನಾನಲ್ಲ, ಸ್ಫಿಂಕ್ಸ್. ಅದರಲ್ಲಿ ‘ಸ್ಮಾರ್ಟ್‌ಕೋಟ್ಸ್’ ಎಂಬ ಗುಣ ಮೊದಲಿನಿಂದಲೇ ಆನ್ ಇರುತ್ತದೆ. ನೇರ ಉದ್ಧರಣ ಚಿಹ್ನೆಗಳನ್ನು ಬಾಗಿದವನ್ನಾಗಿ, ಎರಡು ಹೈಫನ್‌ಗಳನ್ನು ಎನ್-ಡ್ಯಾಶ್ ಆಗಿ ಅದು ಚಂದ ಮಾಡುತ್ತದೆ. ಮಾಮೂಲಿ ಬರಹದಲ್ಲಿ ಚಂದವೇ. ಆಜ್ಞೆಯನ್ನು ಎರಡೆರಡು ಬ್ಯಾಕ್‌ಟಿಕ್ ನಡುವೆ ಅಥವಾ ಕೋಡ್ ಬ್ಲಾಕ್ ಒಳಗೆ ಇಟ್ಟರೆ ಅದು ಮುಟ್ಟುವುದಿಲ್ಲ. ನಾನು ಅವಸರದಲ್ಲಿ ಆಜ್ಞೆಯನ್ನು ದಪ್ಪಕ್ಷರದಲ್ಲಿ ಬರೆದಿದ್ದೆ, ಎದ್ದು ಕಾಣಲಿ ಅಂತ. ಎದ್ದು ಕಂಡಿತು.

ಹಾಗಾಗಿ ಕೈಪಿಡಿಯ ಮಾಮೂಲಿ ಸಾಲಿನ ನಡುವೆ ಹೈಫನ್ ಜೋಡಿ ಇರುವ ಆಯ್ಕೆ ಕಂಡರೆ, ಅಕ್ಷರ ಸರಿಯಿದ್ದರೂ, ಅದು ತಿದ್ದಬೇಕಾದ ತಪ್ಪೇ. ಮೂಲ ಫೈಲಿನಲ್ಲಿ ಹುಡುಕಿದರೆ ತಪ್ಪು ಕಾಣುವುದಿಲ್ಲ, ಅಲ್ಲಿ ಎರಡು ಹೈಫನ್ ಸರಿಯಾಗೇ ಇರುತ್ತವೆ. ಕಟ್ಟಿದ ಪುಟದಲ್ಲಿ ಮಾತ್ರ ಕೆಟ್ಟಿರುತ್ತದೆ. ಬ್ಯಾಕ್‌ಟಿಕ್ ಹಾಕಿ.

ಇದೇ ಕುಟುಂಬದ ಇನ್ನಿಬ್ಬರು. ಒಂದು, ವರ್ಡ್ ಪ್ರೊಸೆಸರಿನಿಂದಲೋ ಚಾಟ್ ಕಿಟಕಿಯಿಂದಲೋ ಅಂಟಿಸಿದಾಗ ಬರುವ ಮುರಿಯದ ಜಾಗ: ನೋಡಲು ಖಾಲಿ, ಬೈಟ್‌ಗಳಲ್ಲಿ ಸಿ2 ಎ0. ಎರಡನೆಯದು ನಮ್ಮದೇ ಮನೆಯ ಕೂಸು. ಕನ್ನಡದಲ್ಲಿ ‘ಓಎಸ್‌ಡಿ’ ಅಂತ ಬರೆಯುವಾಗ ‘ಸ’ಕಾರಕ್ಕೆ ‘ಡಿ’ ಒತ್ತಾಗಿ ಅಂಟದಂತೆ ನಡುವೆ ಕಾಣದ ಅಕ್ಷರವೊಂದನ್ನು ಹಾಕುತ್ತೇವೆ, ಜೋಡಣೆ ತಡೆಯುವ ಶೂನ್ಯ ಅಗಲದ ಅಕ್ಷರ. ಕನ್ನಡ ಕೀಲಿಮಣೆಯಲ್ಲಿ ಟಿಪ್ಪಣಿ ಬರೆಯುತ್ತಾ, ನಡುವೆ ಇಂಗ್ಲಿಷಿಗೆ ಹೊರಳಿ ಆಜ್ಞೆ ಬರೆದಾಗ ಅದು ಆಜ್ಞೆಯ ಕೊನೆಯ ಪದಕ್ಕೆ ಅಂಟಿಕೊಂಡು ಬಿಡುವುದುಂಟು. ನನ್ನ ಟಿಪ್ಪಣಿಯೊಂದರಲ್ಲಿ ಪೂಲಿನ ಹೆಸರಿಗೆ ಅಂಟಿತ್ತು. ಹೆಸರು ಸರಿಯಿದೆ, ಪೂಲ್ ಕಣ್ಣೆದುರಿಗೇ ಇದೆ, ಸೆಫ್ ಮಾತ್ರ ಅಂಥ ಪೂಲೇ ಇಲ್ಲ ಅನ್ನುತ್ತದೆ! ಹೆಕ್ಸ್‌ಡಂಪ್‌ನಲ್ಲಿ ಇ2 80 8ಸಿ ಕಂಡಾಗ ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ. ಕನ್ನಡದಲ್ಲಿ ತಾಂತ್ರಿಕ ಬರಹ ಮಾಡುವವರು ಆಜ್ಞೆಯ ಸಾಲುಗಳಲ್ಲಿ ಆಸ್ಕಿ (ಮಾಮೂಲಿ ಇಂಗ್ಲಿಷ್ ಅಕ್ಷರ, ಅಂಕಿ, ಚಿಹ್ನೆ) ಅಲ್ಲದ ಬೈಟ್ ಇದೆಯೇ ಎಂದು ಒಮ್ಮೆ ಗ್ರೆಪ್ ಮಾಡಿಕೊಳ್ಳುವುದು ಲೇಸು.

ಯಂತ್ರದ ಸಹಾಯ ಎಷ್ಟು?

ನಿಘಂಟು ಹಿಡಿದು ನೋಡುವ ಸಾಮಾನ್ಯ ಸ್ಪೆಲ್ ಚೆಕ್ಕರ್ ಇಲ್ಲಿ ಕೆಲಸಕ್ಕೆ ಬಾರದು. ರಾಡೋಸ್, ಕ್ರಶ್, ಬ್ಲೂಸ್ಟೋರ್, ಸೆಫ್‌ಎಡಿಎಂ: ಅರ್ಧ ಪುಟಕ್ಕೆ ಕೆಂಪು ಗೆರೆ ಎಳೆಯುತ್ತದೆ. ‘ಕೋಡ್‌ಸ್ಪೆಲ್’ ಎಂಬ ಪೈಥಾನ್ ಸಲಕರಣೆ ತಲೆಕೆಳಗಾಗಿ ಯೋಚಿಸುತ್ತದೆ. ಅದರ ಹತ್ತಿರ ಸರಿಯಾದ ಪದಗಳ ಪಟ್ಟಿ ಇಲ್ಲ, ಜನ ಸಾಮಾನ್ಯವಾಗಿ ಮಾಡುವ ತಪ್ಪುಗಳ ಪಟ್ಟಿ ಇದೆ. ಪಟ್ಟಿಯಲ್ಲಿದ್ದರಷ್ಟೇ ಹೇಳುತ್ತದೆ, ಗೊತ್ತಿಲ್ಲದ ಪದದ ತಂಟೆಗೆ ಹೋಗುವುದಿಲ್ಲ. ಫೈಲು, ಸಾಲು, ತಪ್ಪು, ಸರಿ ಎಂದು ಒಂದೊಂದೇ ಸಾಲಿನಲ್ಲಿ ತೋರಿಸುತ್ತದೆ.

‘ಡಬ್ಲ್ಯೂ’ ಆಯ್ಕೆ ಕೊಟ್ಟರೆ ತಾನೇ ತಿದ್ದಿಬಿಡುತ್ತದೆ. ಕೊಡಬೇಡಿ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದ ಹಾಗಾಗುತ್ತದೆ. ಒಂದು ಉದಾಹರಣೆ ಕೇಳಿ: ವೆಬ್‌ನಲ್ಲಿ ಯಾವ ಪುಟದಿಂದ ಬಂದಿರಿ ಎಂದು ಹೇಳುವ ಎಚ್‌ಟಿಟಿಪಿ ಹೆಡರಿನ ಹೆಸರು ‘ರೆಫರರ್’. ಇಂಗ್ಲಿಷ್ ನಿಘಂಟಿನಲ್ಲಿ ಅದಕ್ಕೆ ನಡುವೆ ಎರಡು ‘ಆರ್’ ಬೇಕು. 1996ರ ಎಚ್‌ಟಿಟಿಪಿ ನಿಯಮಾವಳಿಯಲ್ಲಿ ಒಂದೇ ‘ಆರ್’ ಬಿತ್ತು, ಇವತ್ತಿಗೂ ಇಡೀ ವೆಬ್ ಅದನ್ನೇ ಬರೆಯುತ್ತದೆ. ಸೆಫ್‌ನ ಆಬ್ಜೆಕ್ಟ್ ಗೇಟ್‌ವೇ ಕೂಡ ಎಚ್‌ಟಿಟಿಪಿ ಮಾತಾಡುವುದರಿಂದ ಆ ಒಂಟಿ ‘ಆರ್’ ಅದರ ಪಾಲಿಗೂ ಬಂದಿದೆ. ‘ತಿದ್ದಿದರೆ’ ಆ ಹೆಡರ್ ನೋಡಿ ಪ್ರವೇಶ ಕೊಡುವ ಬಕೆಟ್ (ಫೈಲುಗಳನ್ನಿಡುವ ಡಬ್ಬಿ) ನಿಯಮ ಕೆಲಸ ನಿಲ್ಲಿಸುತ್ತದೆ.

ಯಂತ್ರಕ್ಕೆ ಕಾಣದವು ಇನ್ನೊಂದು ಕಡೆ. ಕಳೆದುಕೊಳ್ಳುವುದು ಎಂಬ ಅರ್ಥದ ‘ಲೂಸ್’ಗೆ ಒಂದು ‘ಓ’, ಸಡಿಲ ಎಂಬ ಅರ್ಥದ್ದಕ್ಕೆ ಎರಡು. ಡೇಟಾ ಕಳೆದುಹೋದೀತು ಎಂದು ಎಚ್ಚರಿಸುವ ಸಾಲಿನಲ್ಲಿ ಎರಡು ‘ಓ’ ಬಿದ್ದು ಡೇಟಾ ಸಡಿಲವಾಗುವುದುಂಟು. ಎರಡೂ ನಿಘಂಟಿನ ಪದಗಳೇ, ಯಾರು ದೂರುತ್ತಾರೆ? ಸೆಫ್‌ನಲ್ಲಿ ಹೊರಗಿನ ಸಂಚಾರಕ್ಕೆ ‘ಪಬ್ಲಿಕ್ ನೆಟ್‌ವರ್ಕ್’ ಅನ್ನುತ್ತಾರೆ. ಅದರಲ್ಲಿ ಒಂದು ‘ಎಲ್’ ಬಿದ್ದುಹೋದರೆ ಉಳಿಯುವುದೂ ನಿಘಂಟಿನಲ್ಲಿರುವ ಪದವೇ, ಸಭೆಯಲ್ಲಿ ಓದಲಾಗದ್ದು. ಈ ಎರಡನ್ನು ನಾನು ಪ್ರತಿ ಸಲ ಹೆಸರು ಹಿಡಿದು ಗ್ರೆಪ್ ಮಾಡುತ್ತೇನೆ.

ಅಂಕಿಗಳಿಗಂತೂ ಕಾಗುಣಿತವೇ ಇಲ್ಲ. ಓಎಸ್‌ಡಿ ತುಂಬುತ್ತಿದೆ ಎಂದು ಎಚ್ಚರಿಸುವ ಮಿತಿ 0.85, ಬ್ಯಾಕ್‌ಫಿಲ್ (ಬೇರೆಡೆಯ ದತ್ತಾಂಶವನ್ನು ಅದಕ್ಕೆ ತಂದು ತುಂಬಿಸುವುದು) ನಿಲ್ಲಿಸುವುದು 0.90, ಬರವಣಿಗೆಯನ್ನೇ ತಡೆಯುವುದು 0.95. ಇದರಲ್ಲಿ 85 ಹೋಗಿ 58 ಆದರೆ ಯಾವ ಸಲಕರಣೆಯೂ ಹೇಳುವುದಿಲ್ಲ. ಮಾನಿಟರ್ ಪೋರ್ಟ್ 6789 ಹೋಗಿ 6879 ಆದರೂ ಅಷ್ಟೇ. ‘ಸೆಫ್ ಓಎಸ್‌ಡಿ ಡಂಪ್’ ಮಾಡಿ ‘ರೇಶಿಯೊ’ ಎಂದು ಗ್ರೆಪ್ ಮಾಡಿದರೆ ಮೂರು ಮಿತಿಗಳೂ ಸಾಲಾಗಿ ಸಿಗುತ್ತವೆ. ಡಿಫಾಲ್ಟ್ ಬದಲಿಸದ ಕ್ಲಸ್ಟರಿನಲ್ಲಿ ಹೋಲಿಸಿ ನೋಡಿ. ಪೋರ್ಟ್‌ಗೆ ‘ಮಾನ್ ಡಂಪ್’: ಹೊಸ ಪ್ರೋಟೋಕಾಲಿಗೆ 3300, ಹಳೆಯದಕ್ಕೆ 6789.

ತಪ್ಪು ಸೆಫ್‌ನ ಬಾಯಲ್ಲೇ ಇದ್ದರೆ

ಕೈಪಿಡಿಯಲ್ಲಿ ಟರ್ಮಿನಲ್ ಔಟ್‌ಪುಟ್ ಇಲ್ಲವೇ ಲಾಗ್ ಸಂದೇಶ ಉಲ್ಲೇಖಿಸಿದ ಕಡೆ ತಪ್ಪಕ್ಷರ ಇದ್ದರೆ ತಂತ್ರಾಂಶವೇ ಹಾಗೆ ಮುದ್ರಿಸುತ್ತಿದೆಯೇ ನೋಡಿ. ಹೌದಾದರೆ ಕೈಪಿಡಿಯಲ್ಲಿ ಮಾತ್ರ ತಿದ್ದಬೇಡಿ. ಲಾಗ್‌ನಲ್ಲಿ ಆ ಸಾಲು ಕಂಡವರು ಅದನ್ನೇ ನಕಲಿಸಿ ಹುಡುಕುತ್ತಾರೆ. ನೀವು ಚೊಕ್ಕ ಮಾಡಿದ ಪುಟ ಅವರಿಗೆ ಸಿಗುವುದಿಲ್ಲ. ಕೋಡಿನಲ್ಲಿ ತಿದ್ದಲು ಹೊರಟರೆ ‘ಕ್ಯೂಎ’ ಫೋಲ್ಡರಿನಲ್ಲೂ ಆ ವಾಕ್ಯವನ್ನು ಗ್ರೆಪ್ ಮಾಡಿ. ಪರೀಕ್ಷೆಯ ವೇಳೆ ಬರಬಹುದಾದ, ಗಾಬರಿಪಡಬೇಕಿಲ್ಲದ ಸಂದೇಶಗಳನ್ನು ಅಲ್ಲಿ ‘ಲಾಗ್-ಇಗ್ನೋರ್‌ಲಿಸ್ಟ್’ ಎಂದು ಪಟ್ಟಿ ಮಾಡಿರುತ್ತಾರೆ, ತಪ್ಪಕ್ಷರ ಸಮೇತ. ಸಂದೇಶ ಸರಿಯಾಯಿತು, ಪಟ್ಟಿ ಹಳೆಯದೇ ಉಳಿಯಿತು ಅಂದರೆ ನಿನ್ನೆಯವರೆಗೆ ಹಸಿರಿದ್ದ ಪರೀಕ್ಷೆ ಇವತ್ತು ಕೆಂಪಾಗುತ್ತದೆ, ಮತ್ತು ಅದಕ್ಕೆ ಕಾರಣ ಹುಡುಕುವವರು ‘ಟೈಪೊ ತಿದ್ದಿದೆ’ ಎಂಬ ಕಮಿಟ್ಟನ್ನು ಕೊನೆಗೆ ನೋಡುತ್ತಾರೆ. ಸಂದೇಶ, ಪಟ್ಟಿ, ಕೈಪಿಡಿ ಮೂರನ್ನೂ ಒಂದೇ ಪುಲ್ ರಿಕ್ವೆಸ್ಟಿನಲ್ಲಿ (ತಿದ್ದುಪಡಿ ಸೇರಿಸಿಕೊಳ್ಳಿ ಎಂಬ ಕೋರಿಕೆಯಲ್ಲಿ) ಕಳಿಸಿ.